ಪಾಠಕ್ಕೆ ನಿಂತ ಯಮನಪ್ಪ

ನಮ್ಮ ಸಾಲೆಯ ಪಟ್ಟೇವಾಲಾ ಯಮನಪ್ಪನ ಬಗ್ಗೆ ಬರೆಯಿರಿ ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳುವವರಾದರೂ ಯಾರು? ಹೆಡ್ ಮಾಸ್ತರರ ಫೋಟೋ ಆಫೀಸಿನ ಗೋಡೆಯ ಮೇಲಿದೆ. ವರ್ಷಕ್ಕೊಮ್ಮೆ ಅದಕ್ಕೆ ಹಾರ ಹಾಕಿ ಭಾಷಣ ಹೊಡೆಯುತ್ತಾರೆ. ಇಪ್ಪತ್ತೆರಡು ವರ್ಷ ಗಂಟೆ ಬಾರಿಸಿದವನ ಫೋಟೋವನ್ನು ಯಾರೂ ತೆಗೆಸಲಿಲ್ಲ. ನಾನು ಪ್ರೀತಿಯಿಂದ ಬರೆಯುತ್ತಿದ್ದೇನೆ ಎಂದೂ ತಿಳಿಯಬೇಡಿ. ಪ್ರೀತಿ ಇದ್ದವನು ಮಾಡುವಂಥ ಒಂದು ಕೆಲಸವನ್ನೂ ನಾನು ಅವನಿಗೆ ಮಾಡಲಿಲ್ಲ.

ಯಮನಪ್ಪ ಬೆಂಗೇರಿಯ ಆಚೆ ಕುರಿ ಕಾಯುತ್ತಿದ್ದ ಮನೆಯವನು. ಸಣ್ಣವನಿದ್ದಾಗ ಮೈಮೇಲೆ ಸಿಡುಬಿನ ದೇವಿ ಎದ್ದು, ಬದುಕಿದ್ದೇ ಹೆಚ್ಚು ಎನ್ನುವ ಹಾಗಾಗಿತ್ತಂತೆ. ಮುಖದ ತುಂಬ ಕುಳಿ. ಎಡಗಣ್ಣಿಗೆ ಹೂ ಬಿದ್ದು ಬೆಳ್ಳಗಾಗಿತ್ತು. ಮೂಗಿನ ಒಂದು ಹೊರಳೆ ಕರಗಿ ಹೋಗಿತ್ತು. ಅದು ಸಾಲದೆಂಬಂತೆ ಒಲೆಯ ಮೇಲೆ ಬಿದ್ದು ತುಟಿಯ ಒಂದು ತುದಿ ಸುಟ್ಟು ಮೇಲಕ್ಕೆ ಎಳೆದುಕೊಂಡಿತ್ತು. ಆದ್ದರಿಂದ ಅಳುವಾಗಲೂ ನಕ್ಕ ಹಾಗೆ ಕಾಣುತ್ತಿದ್ದ. ಹಳೇ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಓಣಿಯಲ್ಲಿ, ಬಳೆ ಮಾರುವ ಇಮಾಮಬಿಯ ಮನೆಯ ಮಗ್ಗುಲಲ್ಲಿ ಅವನ ಸಂಸಾರ. ಹೆಂಡತಿ ಸಾವಕ್ಕ. ಬಹಳ ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಸತ್ಯವ್ವ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆಯುವುದು, ಬೆಂಚು ಒರೆಸುವುದು, ಶಾಯಿ ಪುಡಿ ಕಲಸಿ ಎಲ್ಲ ದೌತಿಗೂ ತುಂಬುವುದು, ಗಂಟೆ ಬಾರಿಸುವುದು. ಇವು ಅವನ ಕೆಲಸ. ಇವಲ್ಲದೆ ಇನ್ನೊಂದು ಕೆಲಸವಿತ್ತು. ಅದನ್ನು ಯಾವ ರಜಿಸ್ಟರಿನಲ್ಲೂ ಬರೆದಿರಲಿಲ್ಲ. ವರ್ಷಕ್ಕೊಮ್ಮೆ, ಶ್ರಾವಣ ಹಿಡಿದ ಮೇಲೆ, ಇಂಗ್ಲಿಷ್ ಒಂದನೇ ಇಯತ್ತೆಯ ಮಕ್ಕಳ ಮುಂದೆ ಹೋಗಿ ನಿಲ್ಲುವುದು.

ನಮ್ಮ ಹೆಡ್ ಮಾಸ್ತರರು ಟ್ರೇನಿಂಗ್ ಮುಗಿಸಿ ಬಂದವರು. ಇಂಗ್ಲಿಷ್ ತಾಸಿನಲ್ಲಿ ಒಂದು ಕನ್ನಡ ಮಾತು ಆಡಿದರೆ ಬೆರಳಿನ ಗೆಣ್ಣಿಗೆ ರೂಲುಕಟ್ಟಿಗೆಯ ಏಟು. ಮಾತಿನ ಅರ್ಥವನ್ನು ಹೇಳಬಾರದು, ತೋರಿಸಬೇಕು ಎಂಬುದು ಅವರ ಪದ್ಧತಿ. ಟಾಲ್ ಎಂದರೆ ಅಂಗಳದ ಬೊಂಬು ತೋರಿಸುವುದು. ಹೆವಿ ಎಂದರೆ ಆಫೀಸಿನ ಕಬ್ಬಿಣದ ಪೆಟ್ಟಿಗೆ ಎತ್ತಲು ಹೇಳುವುದು. ಓಲ್ಡ್ ಎಂದರೆ ತಮ್ಮದೇ ಛತ್ರಿ. ಹನ್ನೊಂದನೇ ಪಾಠದಲ್ಲಿ ಬ್ಯೂಟಿಫುಲ್, ಅಗ್ಲಿ ಎಂಬ ಎರಡು ಮಾತು ಜೋಡಿಯಾಗಿ ಬರುತ್ತಿದ್ದವು. ಆ ದಿನ ಯಮನಪ್ಪ ತೊಳೆದ ರುಮಾಲು ಸುತ್ತಿಕೊಂಡು, ಸಾಲೆಯ ತೋಟದಿಂದ ಒಂದು ಗುಲಾಬಿ ಕಿತ್ತುಕೊಂಡು, ವರ್ಗದ ಬಾಗಿಲಲ್ಲಿ ಕಾಯಬೇಕು. ಕರೆದಾಗ ಒಳಗೆ ಬಂದು ಹೂವನ್ನು ಎತ್ತಿ ಹಿಡಿಯಬೇಕು.

ಹೆಡ್ ಮಾಸ್ತರರು ಬೆತ್ತದ ತುದಿಯಿಂದ ಹೂವನ್ನು ಮುಟ್ಟುವರು.

"ದಿಸ್ ಫ್ಲವರ್ ಈಜ್ ಬ್ಯೂಟಿಫುಲ್."

ನಾವು ನಲವತ್ತು ಬಾಯಿ ಕೂಡಿ ಅದನ್ನೇ ಒದರುವುದು. ಆಮೇಲೆ ಬೆತ್ತ ಯಮನಪ್ಪನ ಭುಜಕ್ಕೆ ಬರುವುದು.

"ದಿಸ್ ಮ್ಯಾನ್ ಈಜ್ ಅಗ್ಲಿ."

ಮತ್ತೆ ನಲವತ್ತು ಬಾಯಿ. ಮೂರು ಸಲ. ಯಮನಪ್ಪ ಎದೆ ಸೆಟೆಸಿ ನಿಂತಿರುತ್ತಿದ್ದ. ಮುಗಿದ ಮೇಲೆ ಹೂವನ್ನು ಟೇಬಲ್ಲಿನ ಮೇಲಿಟ್ಟು, ಮಾಸ್ತರರಿಗೊಂದು, ನಮಗೊಂದು ಕೈ ಮುಗಿದು ಹೋಗುತ್ತಿದ್ದ. ನಾನು ಆ ಬೆಂಚಿನ ಮೇಲೆ ಕೂತದ್ದು ಸಾವಿರದ ಒಂಬೈನೂರ ಇಪ್ಪತ್ಮೂರರಲ್ಲಿ. ಅರ್ಥ ನಮಗೆ ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಪದ್ಧತಿ ಒಳ್ಳೆಯದೇ, ಅದರಲ್ಲಿ ಸಂಶಯವಿಲ್ಲ. ಇವತ್ತಿಗೂ ಆ ಮಾತು ಕೇಳಿದರೆ ನನಗೆ ಬೇರೆ ಯಾವ ಮುಖವೂ ಕಣ್ಣಿಗೆ ಬರುವುದಿಲ್ಲ.

ಆ ವರ್ಷ ಪಾಠವಾದ ಮರುದಿನ ನೀರಿನ ಹರಿವಿಯ ಹತ್ತಿರ ಯಮನಪ್ಪ ನನ್ನನ್ನು ತಡೆದು ನಿಲ್ಲಿಸಿದ.

"ತಮ್ಮಾ, ಎಲ್ಲಾರೂ ಕೂಡಿ ನನ್ನ ನೋಡಿ ಏನೋ ಅಂತೀರಲಾ, ಅಗ್ಲಿ ಅಂತ. ಹಂಗಂದ್ರ ಏನಪಾ?"

ನನಗೆ ಹನ್ನೊಂದು ವರ್ಷ. ಹಿಂದೆ ಮೂವರು ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದರು.

"ನಂಬಿಗಸ್ತ ಅಂತ, ಯಮನಪ್ಪಾ. ಭಾಳ ನಂಬಿಗಸ್ತ ಮನಷ್ಯಾ ಅಂತ."

"ಖರೇ?"

"ಖರೇ."

"ಹೆಡ್ ಮಾಸ್ತರು ನನ್ನ ಬಗ್ಗೆ ಇಷ್ಟ ಛಲೋ ಮಾತ ಆಡ್ತಾರ? ಮಾರಿ ಮುಂದ ಒಮ್ಮೆನೂ ಅಂದಿಲ್ಲಲಾ."

"ಅದಕ್ಕ ಇಂಗ್ಲಿಷಿನ್ಯಾಗ ಅಂತಾರ," ಎಂದೆ.

ಇಷ್ಟು ಜಾಣತನ ನನ್ನ ನಾಲಿಗೆಗೆ ಎಲ್ಲಿಂದ ಬಂತೋ, ಸೇದಿ ಹೋಗಬಾರದಿತ್ತೇ ಅದು ಅವತ್ತೇ. ನನ್ನ ಸುಳ್ಳು ವರ್ಗದ ಸುಳ್ಳಾಯಿತು. ವರ್ಗದಿಂದ ಸಾಲೆಯ ಸುಳ್ಳಾಯಿತು. ಹೊಸದಾಗಿ ಸೇರಿದ ಹುಡುಗರಿಗೆ ಹಳಬರು ಆಣೆ ಹಾಕಿಸುತ್ತಿದ್ದರು, ಯಮನಪ್ಪ ಕೇಳಿದರೆ ನಂಬಿಗಸ್ತ ಎಂದೇ ಹೇಳಬೇಕು ಎಂದು. ಹದಿಮೂರು ವರ್ಷ ಒಬ್ಬನೂ ಆಣೆ ಮುರಿಯಲಿಲ್ಲ. ಮಾಸ್ತರರಿಗೂ ಗೊತ್ತಿತ್ತು, ಅವರೂ ಮೀಸೆಯೊಳಗೆ ನಗುತ್ತಿದ್ದರು.

ಯಮನಪ್ಪ ಆ ಮಾತನ್ನು ಮನೆಗೆ ಒಯ್ದ. ಓಣಿಯಲ್ಲಿ ಅದನ್ನು ಬಳಸತೊಡಗಿದ. ಉದ್ರಿ ಕೊಟ್ಟು ಹೊಳ್ಳಿ ಕೇಳದ ಇಮಾಮಬಿ "ಅಗ್ಲಿ ಹೆಣಮಗಳು". ಹಾಲಿಗೆ ನೀರು ಬೆರೆಸದ ಗೌಳಿ "ಅಗ್ಲಿ ಮನಷ್ಯಾ". ಹೊಸ ಮಾಸ್ತರು ಯಾರಾದರೂ ಬಂದರೆ ರುಮಾಲು ಸರಿಮಾಡಿಕೊಂಡು, "ಕೀಲಿಕೈ ನನ್ನ ಕಡೆ ಇರ್ತಾವ್ರಿ. ಅಂಜಬ್ಯಾಡ್ರಿ, ನಾ ಅಗ್ಲಿ ಇದ್ದೇನ್ರಿ," ಎನ್ನುತ್ತಿದ್ದ. ಅವರು ಅತ್ತ ತಿರುಗಿ ಕೆಮ್ಮುತ್ತಿದ್ದರು.

ಮೂವತ್ಮೂರರಲ್ಲಿ ನಾನು ಅದೇ ಸಾಲೆಗೆ ಮಾಸ್ತರನಾಗಿ ಬಂದೆ. ಹೆಡ್ ಮಾಸ್ತರರಿಗೆ ವಯಸ್ಸಾಗಿತ್ತು. ಒಂದನೇ ಇಯತ್ತೆಯ ಇಂಗ್ಲಿಷನ್ನು ನನ್ನ ಕೊರಳಿಗೆ ಕಟ್ಟಿದರು. ನಾನು ಬೆಳೆದಿದ್ದೆ, ತಿಳಿವಳಿಕೆ ಬಂದಿತ್ತು, ಈಗಾದರೂ ಆ ಪಾಠಕ್ಕೆ ಬೇರೆ ದಾರಿ ಹುಡುಕಿರಬೇಕು ಎಂದು ನೀವು ತಿಳಿಯಬಹುದು. ಇಲ್ಲ. ನಾನೂ ಕರೆದೆ. ನಾನೂ ಬೆತ್ತದ ತುದಿಯಿಂದ ಅವನ ಭುಜ ಮುಟ್ಟಿದೆ. ಮೂರು ವರ್ಷ.

ಮೂವತ್ತಾರರ ಜೂನಿನಲ್ಲಿ ಸತ್ಯವ್ವ ನನ್ನ ವರ್ಗಕ್ಕೆ ಬಂದಳು. ಕನ್ನಡ ನಾಲ್ಕನೇ ಇಯತ್ತೆಯಲ್ಲಿ ಅವಳದೇ ಮೊದಲ ನಂಬರು. ಅದನ್ನು ನೋಡಿ ಸಂಸ್ಥೆಯವರು ಫೀ ಮಾಫಿ ಮಾಡಿದ್ದರು. ಇಡೀ ವರ್ಗದಲ್ಲಿ ಹೆಣ್ಣುಮಕ್ಕಳು ಇಬ್ಬರೇ, ವಕೀಲರ ಮಗಳು ಇಂದು ಮತ್ತು ಇವಳು. ಕಿಟಕಿಯ ಹತ್ತಿರ ಅವರಿಗೆ ಬೇರೆ ಬೆಂಚು. ದೇವರು ಯಮನಪ್ಪನ ವಿಷಯದಲ್ಲಿ ಮಾಡಿದ ತಪ್ಪನ್ನು ಮಗಳಲ್ಲಿ ತಿದ್ದಿಕೊಂಡಿದ್ದ. ತಿದ್ದಿದ ಮುಖ, ತಿದ್ದಿದ ಅಕ್ಷರ. ಯಮನಪ್ಪ ಗಂಟೆ ಬಾರಿಸಿ ಬರುವಾಗೊಮ್ಮೆ, ಹೋಗುವಾಗೊಮ್ಮೆ ಕಿಟಕಿಯಲ್ಲಿ ಹಣಿಕಿ ಹಾಕಿ ಹೋಗುತ್ತಿದ್ದ. ಅವಳಿಗೆ ಮಾಸ್ತರಿಣಿ ಆಗಬೇಕೆಂಬ ಹಂಬಲ. ಅವನಿಗೆ ಅದಕ್ಕಿಂತ ಸಣ್ಣ ಹಂಬಲ ಒಂದಿತ್ತು. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

"ಈ ಸಲ ಪಾಠಕ್ಕ ನಿಂತಾಗ ನನ್ನ ಮಗಳೂ ಹೇಳ್ತಾಳ್ರಿ. ಎಲ್ಲಾರ ಮುಂದ, ಇಂಗ್ಲಿಷಿನ್ಯಾಗ. ನಮ್ಮಪ್ಪ ಎಂಥಾವ ಅಂತ."

ಪಾಠಕ್ಕೆ ಎಂಟು ದಿನವಿತ್ತು. ನಡುವಿನ ಸೂಟಿಯಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಸತ್ಯವ್ವ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು.

"ಮಾಸ್ತರ್ರೀ, ಹನ್ನೊಂದನೇ ಪಾಠಕ್ಕ ನಮ್ಮಪ್ಪನ್ನ ಕರೀಬ್ಯಾಡ್ರಿ."

"ಯಾಕ?"

"ನಿಮಗ ಗೊತ್ತದಲ್ರಿ. ಇಂದು ಮನ್ಯಾಗ ದೊಡ್ಡ ಡಿಕ್ಷನರಿ ಅದ. ಇಬ್ರೂ ಕೂಡಿ ನೋಡಿದಿವ್ರಿ."

ನಾನು ಪೆನ್ನಿನ ಟಾಕು ಒರೆಸುತ್ತ ಕೂತೆ. ಅವಳ ಕಡೆ ನೋಡುವುದಾಗಲಿಲ್ಲ. "ಅಪ್ಪಗ ಹೇಳಿದ್ಯೇನು?"

"ಇಲ್ರಿ. ಹೆಂಗ ಹೇಳ್ಲಿ? ಓಣಿ ತುಂಬ ಆ ಮಾತ ಹೇಳ್ಕೊಂಡ ಅಡ್ಡಾಡ್ಯಾನ್ರಿ. ಖರೇ ಅರ್ಥ ಗೊತ್ತಾದ್ರ ಯಾರಿಗೆ ಮಾರಿ ತೋರಸ್ತಾನ್ರಿ? ನೀವು ಕರೀಲಿಲ್ಲಂದ್ರ ಸಾಕ್ರಿ. ಈ ವರ್ಷ ಒಂದ ಸಲ. ಮುಂದಿನ ವರ್ಷ ನಾ ಈ ವರ್ಗದಾಗ ಇರೂದಿಲ್ಲ."

ಅವಳ ದನಿ ನಡುಗುತ್ತಿರಲಿಲ್ಲ. ಸಾಲೆಯ ಮಕ್ಕಳು ಹಾಗೆ ಮಾತಾಡುವುದಿಲ್ಲ, ಮನೆ ನಡೆಸುವ ಹೆಂಗಸರು ಮಾತಾಡುತ್ತಾರೆ.

"ಆತು. ಕರಿಯೂದಿಲ್ಲ. ಹೋಗು," ಎಂದೆ. ಅವತ್ತು ಮನಸ್ಸಿನಿಂದಲೇ ಹೇಳಿದ್ದೆ.

ನಾಲ್ಕು ದಿನ ಬಿಟ್ಟು ಹೆಡ್ ಮಾಸ್ತರರು ಕರೆಸಿದರು. ದಿಪೋಟಿ ಸಾಹೇಬರು ಸಾಲೆ ತಪಾಸಣೆಗೆ ಬರುವವರಿದ್ದರು.

"ಹನ್ನೊಂದನೇ ಪಾಠ ಅವರ ಮುಂದ ಮಾಡ್ರಿ. ನನ್ನ ಪದ್ಧತಿ ಏನಂತ ಅದರಾಗ ಕಾಣಸ್ತದ."

"ಯಮನಪ್ಪನ ಬದಲಿ ಬ್ಯಾರೆ ಏನರೆ ತೋರಸಬಹುದೇನ್ರಿ?"

"ಯಾಕ? ಅಂವಾ ತಕರಾರ ಮಾಡ್ಯಾನೇನು?"

"ಇಲ್ರಿ."

"ಮತ್ತ ನಿಮ್ಮದೇನ ತಕರಾರು? ನಿಮ್ಮ ಕಾಯಂ ಆಗೂ ಕಾಗದ ನನ್ನ ಟೇಬಲ್ ಮ್ಯಾಲೆ ಅದ, ಮಾಸ್ತರ. ಅದನ್ನ ನೋಡ್ಕೋರಿ."

ಮೂರು ವರ್ಷ ಟೆಂಪರರಿ ಇದ್ದವನು ನಾನು. ಹುಡುಗಿ ಬಂದು ಬೇಡಿಕೊಂಡಿದ್ದಾಳೆ ಎಂಬ ಒಂದು ಮಾತು ಬಾಯಿ ತನಕ ಬಂದಿತ್ತು. ನುಂಗಿಕೊಂಡೆ. ಬಾಯಿಗೆ ಬಂದದ್ದನ್ನು ನುಂಗುವುದು ನನಗೆ ಆಗಲೇ ಚೆನ್ನಾಗಿ ರೂಢಿಯಾಗಿತ್ತು.

ತಪಾಸಣೆಯ ದಿನ ಯಮನಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದ. ಸಾವಕ್ಕ ಅವನ ಅಂಗಿಗೆ ಗಂಜಿ ಹಾಕಿದ್ದಳಂತೆ, ಇಮಾಮಬಿ ತನ್ನ ಕಂಚಿನ ಚೊಂಬಿಗೆ ಕೆಂಡ ತುಂಬಿ ಇಸ್ತ್ರಿ ಮಾಡಿಕೊಟ್ಟಿದ್ದಳಂತೆ. ದಿಪೋಟಿ ಸಾಹೇಬರು ಧಾರವಾಡದ ಹಿರಿಯರು. ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಯಮನಪ್ಪನನ್ನು ಕರೆದೆ. ಕರೆಯುವಾಗ ಕಿಟಕಿಯ ಕಡೆ ನೋಡಲಿಲ್ಲ. ಹೂವಾಯಿತು, ಭುಜವಾಯಿತು. ಮಕ್ಕಳು ಮೂರು ಸಲ ಒದರಿದರು.

ದಿಪೋಟಿ ಸಾಹೇಬರು ಎದ್ದು ಮುಂದೆ ಬಂದರು. ಒಬ್ಬೊಬ್ಬರೇ ಹೇಳಲಿ, ನೋಡೋಣ ಎಂದು ಇಂಗ್ಲಿಷಿನಲ್ಲಿ ಅಂದು, ಕಿಟಕಿಯ ಬೆಂಚಿನ ಕಡೆ ಬೆರಳು ತೋರಿಸಿದರು. ಆ ಹುಡುಗಿ ಹೇಳಲಿ. ಅವರಿಗೇನು ಗೊತ್ತು? ಹೆಣ್ಣುಮಕ್ಕಳು ಕಲಿಯುತ್ತಿದ್ದಾರೆಂದು ಸಂತೋಷಪಟ್ಟು ಕೇಳಿದರು ಪಾಪ.

ಸತ್ಯವ್ವ ಎದ್ದು ನಿಂತಳು. ಬಾಯಿ ತೆರೆಯಲಿಲ್ಲ. ಹೆಡ್ ಮಾಸ್ತರರು ಬಾಗಿಲಲ್ಲಿ ಗಂಟಲು ಸರಿಮಾಡಿಕೊಂಡರು. ವರ್ಗವೆಲ್ಲ ಅವಳ ಕಡೆ ತಿರುಗಿತು. ನಾನು ಅವಳನ್ನು ಬಿಟ್ಟು ಬೇರೆಯವರನ್ನು ಕೇಳಬಹುದಿತ್ತು, ಒಂದು ಹೆಸರು ಕರೆದರೆ ಮುಗಿಯುತ್ತಿತ್ತು. ಕರೆಯಲಿಲ್ಲ.

ಆಗ ಯಮನಪ್ಪ, ಇಷ್ಟು ವರ್ಷ ಆ ಜಾಗದಲ್ಲಿ ತುಟಿ ಪಿಟಕ್ಕೆನ್ನದ ಯಮನಪ್ಪ, ಮೆಲ್ಲಗೆ ಅಂದ:

"ಹೇಳವ್ವಾ, ಅಂಜಬ್ಯಾಡ. ನಿನಗ ಬರ್ತದಲಾ."

ಅವಳು ಅಪ್ಪನ ಮುಖ ನೋಡಿದಳು. ನೋಡುತ್ತಲೇ ಹೇಳಿದಳು.

"ದಿಸ್ ಮ್ಯಾನ್ ಈಜ್ ಅಗ್ಲಿ."

ಸ್ವಚ್ಛವಾದ ಉಚ್ಚಾರ. ಯಮನಪ್ಪನ ಒಳ್ಳೆಯ ಕಣ್ಣಿನಿಂದ ನೀರು ಇಳಿಯಿತು. ಸಂತೋಷಕ್ಕೆ.

ದಿಪೋಟಿ ಸಾಹೇಬರು ತಲೆಯಾಡಿಸಿ, ಮುಂದಿನ ಪ್ರಶ್ನೆ ಕೇಳಿದರು. "ಹೂ ಈಜ್ ಹಿ?" ಇದಕ್ಕೂ ಉತ್ತರ ಬಾಯಿಪಾಠವಿತ್ತು, ಹಿ ಈಜ್ ಅವರ್ ಪ್ಯೂನ್ ಎಂದು. ಸತ್ಯವ್ವ ಅದನ್ನು ಹೇಳಲಿಲ್ಲ.

"ಹಿ ಈಜ್ ಮೈ ಫಾದರ್."

ದಿಪೋಟಿ ಸಾಹೇಬರು ಕಣ್ಣಿನ ಚಾಳೀಸು ತೆಗೆದರು. ಅವಳನ್ನು ನೋಡಿದರು, ಅವನನ್ನು ನೋಡಿದರು. ಸಾಲೆಯ ನಿಯಮ ಮರೆತು ಕನ್ನಡಕ್ಕೆ ಬಂದರು.

"ಈತ ನಿನ್ನ ತಂದಿಯೇನವಾ?"

"ಹೌದ್ರಿ."

ಅವರು ಹೆಡ್ ಮಾಸ್ತರರ ಕಡೆ ತಿರುಗಿದರು.

"ನಾಚಿಕಿ ಬರೂದಿಲ್ಲೇನ್ರಿ ನಿಮಗ? ಹೆತ್ತ ಮಗಳ ಬಾಯಿಂದ ತಂದಿಗೆ ಕುರೂಪಿ ಅನಸ್ತೀರಿ? ಬಡವ ಅಂತ ಎದುರಿಗೆ ನಿಂದರಿಸಿ, ಅವಲಕ್ಷಣ ಮಾರಿಯಾಂವ ಅಂತ ಹುಡುಗರ ಕಡಿಂದ ಒದರಸ್ತೀರಿ? ಇದು ಸಾಲಿಯೇನ್ರಿ?"

ಆ ವರ್ಗದಲ್ಲಿ ಯಮನಪ್ಪನ ಪರವಾಗಿ ಒಬ್ಬನಾದರೂ ಮಾತಾಡಿದ್ದರೆ ಅವರೊಬ್ಬರೇ. ಇಂಗ್ಲಿಷಿನಲ್ಲಿ ಬೈದಿದ್ದರೆ ಅವನು ಕೈ ಮುಗಿದು ಹೊರಟುಹೋಗುತ್ತಿದ್ದ. ಒಳ್ಳೆಯ ಮನುಷ್ಯರು, ಕನ್ನಡದಲ್ಲಿ ಬೈದರು.

ಯಮನಪ್ಪ ಮೊದಲು ಹೆಡ್ ಮಾಸ್ತರರನ್ನು ನೋಡಿದ. ಆಮೇಲೆ ನನ್ನನ್ನು. ನಮ್ಮಿಬ್ಬರ ಮುಖದಲ್ಲಿ ಅವನಿಗೆ ಬೇಕಾದ್ದು ಸಿಗಲಿಲ್ಲ. ಕಡೆಗೆ ಮಗಳನ್ನು ನೋಡಿದ.

"ನಿನಗ ಗೊತ್ತಿತ್ತ?"

ಅವಳು ಗೋಣು ಹಾಕಿದಳು. ಹೌದು ಎಂದು.

ಅವನು ಹೂವನ್ನು ಟೇಬಲ್ಲಿನ ಮೇಲಿಟ್ಟು ಹೊರಗೆ ಹೋದ. ಉಳಿದ ಗಂಟೆಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಬಾರಿಸಿದ. ಸಂಜೆ ಕೀಲಿ ಹಾಕಿ ಮನೆಗೆ ಹೋದ. ಮರುದಿನ ಅವನು ಬಂದ, ಸತ್ಯವ್ವ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ದಿಪೋಟಿ ಸಾಹೇಬರಿಂದ ಕಾಗದ ಬಂತು. ಆ ಹುಡುಗಿ ವರ್ಗದಲ್ಲಿರುವುದು ಗೊತ್ತಿದ್ದೂ ತಂದೆಯನ್ನು ಕರೆದಿರೋ? ಯಾರಾದರೂ ಮೊದಲೇ ಬೇಡವೆಂದಿದ್ದರೋ? ಉತ್ತರ ಕೊಡಿ. ಹೆಡ್ ಮಾಸ್ತರರು ಉತ್ತರ ಬರೆದು ಇಟ್ಟಿದ್ದರು. ಗದ್ದಲದಲ್ಲಿ ಲಕ್ಷ್ಯಕ್ಕೆ ಬರಲಿಲ್ಲ, ಮೊದಲು ಯಾರಿಂದಲೂ ತಕರಾರು ಬಂದಿರಲಿಲ್ಲ, ಎಂದು. "ಸಹಿ ಮಾಡ್ರಿ," ಎಂದರು. ಮಾಡಿದೆ. ನನ್ನ ಸಹಿ ಚೆನ್ನಾಗಿ ಬಂದಿತ್ತು.

ಅವತ್ತು ಸಂಜೆ ನಾನು ಹಳೇ ಹುಬ್ಬಳ್ಳಿಗೆ ಹೋದೆ. ಯಾಕೆ ಹೋದೆನೋ. ಮನಸ್ಸು ಕಚ್ಚುತ್ತಿತ್ತು, ಅದಕ್ಕೊಂದು ತುಂಡು ರೊಟ್ಟಿ ಒಗೆದು ಬರೋಣ ಎಂದು ಹೋಗಿರಬೇಕು. ಯಮನಪ್ಪ ಕಂಬಳಿ ಹಾಸಿ ಕೂರಿಸಿದ. ಸಾವಕ್ಕ ಇಮಾಮಬಿಯ ಮನೆಯಿಂದ ಸಕ್ಕರೆ ಕಡ ತಂದು ಚಹಾ ಮಾಡಿದಳು. ಸತ್ಯವ್ವ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೆನ್ನೆ ಬಾತಿತ್ತು.

"ತಪ್ಪ ನಮ್ಮದ, ಯಮನಪ್ಪಾ," ಎಂದು ಸುರು ಮಾಡಿದೆ.

"ನಿಮ್ಮದೇನ ತಪ್ಪ್ರಿ?" ಎಂದ. "ನೀವು ಕಲಿಸೋರು, ಕಲಿಸಿದ್ರಿ. ಹುಡುಗರು ನಕ್ಕರು. ನಗಲಿ. ನನ್ನ ಮಾರಿ ನನಗ ಗೊತ್ತಿಲ್ಲೇನ್ರಿ? ನೀವೆಲ್ಲಾ ಮಂದಿ. ಮಂದಿ ಅಂತಾರ, ಅನ್ನಲಿ. ಈಕಿ ನನ್ನಾಕಿ. ಈಕಿಗೆ ಗೊತ್ತಿತ್ತು. ನಾ ಓಣ್ಯಾಗ ಹುಚ್ಚರಂಗ ಹೇಳ್ಕೊಂಡ ಅಡ್ಡಾಡೂದು ನೋಡ್ಕೋತ ಕುಂತ್ಲು. ಆಮ್ಯಾಲೆ ಅಷ್ಟ ಮಂದಿ ಮುಂದ ತಾನೂ ಅಂದ್ಲು."

ನಾನು ಬಟ್ಟಲು ನೋಡುತ್ತ ಕೂತೆ.

"ಈಗ ಒಂದ ಮಾತ ಹೇಳ್ತಾಳ್ರಿ. ಎಂಟ ದಿನಾ ಮೊದ್ಲ ನಿಮ್ಮ ಹಂತ್ಯಾಕ ಬಂದು, ಅಪ್ಪನ್ನ ಕರೀಬ್ಯಾಡ್ರಿ ಅಂತ ಬೇಡ್ಕೊಂಡಿದ್ಲಂತ. ನೀವು ಆತಂದಿದ್ರಂತ. ಅದು ಖರೇ ಇದ್ರ ನಂದ ತಪ್ಪು. ನಾಳಿನ ಸಾಲಿಗೆ ಕಳಸ್ತೇನಿ, ಆಕಿ ಕಾಲ ಹಿಡೀತೇನಿ. ಸುಳ್ಳಿದ್ರ, ತಂದೀ ಮಾನಾ ಕಳದು, ಮ್ಯಾಲೆ ಮಾಸ್ತರ ತಲಿಗೆ ಕಟ್ಟೂ ಹುಡುಗಿಗೆ ಸಾಲಿ ಯಾಕ್ರಿ? ನಿಮ್ಮನ್ನ ನಂಬ್ತೇನ್ರಿ ನಾ. ನೀವ ಹೇಳ್ರಿ. ಬಂದಿದ್ಲೇನ್ರಿ ಈಕಿ?"

ಸಾವಕ್ಕ ಒಲೆಯ ಹತ್ತಿರ ಕೈ ನಿಲ್ಲಿಸಿದಳು. ಸತ್ಯವ್ವ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಗೆದ್ದೆ ಎಂಬ ಸಮಾಧಾನವಿತ್ತು. ಮಾಸ್ತರು ಬಂದಿದ್ದಾರೆ, ಇನ್ನೇನು ಹೇಳುತ್ತಾರೆ ಎಂದು.

ನಾನು ಹೌದು ಎಂದರೆ ನಾಳೆ ಯಮನಪ್ಪ ಅದನ್ನು ಎಲ್ಲರಿಗೂ ಹೇಳುತ್ತಿದ್ದ. ಸಹಿ ಮಾಡಿದ ಕಾಗದ ಸುಳ್ಳಾಗುತ್ತಿತ್ತು. ಕಾಯಂ ಹೋಗುತ್ತಿತ್ತು, ನೌಕರಿಯೂ ಹೋಗುತ್ತಿತ್ತು. ಇಷ್ಟನ್ನು ವಿಚಾರ ಮಾಡಲು ನನಗೆ ಒಂದು ಗುಟುಕು ಚಹಾದಷ್ಟು ಹೊತ್ತು ಸಾಕಾಯಿತು.

"ಇಲ್ಲ," ಎಂದೆ. "ನನ್ನ ಕಡೆ ಬಂದಿದ್ದಿಲ್ಲ."

ಯಮನಪ್ಪ ಮಗಳ ಕಡೆ ತಿರುಗಿ, "ಕೇಳಿದೆಲಾ?" ಎಂದ. ಅಷ್ಟೇ. ಅವಳು ಚೌಕಟ್ಟು ಬಿಟ್ಟು ಒಳಗೆ ಹೋದಳು. ನಾನು ಉಳಿದ ಚಹಾ ಕುಡಿದೆ. ಬಿಟ್ಟರೆ ತಪ್ಪು ತಿಳಿದಾರು ಎಂದು ತಳದ ತನಕ ಕುಡಿದೆ.

ಮುಂದಿನ ಜೂನಿಗೆ ನಾನು ಕಾಯಂ ಆದೆ. ಅಗ್ಲಿ ಎಂಬ ಮಾತಿಗೆ ವರ್ಗದಲ್ಲಿ ಒಡೆದ ಗಡಿಗೆಯೊಂದನ್ನು ಇಟ್ಟೆವು. ಸತ್ಯವ್ವನನ್ನು ಆ ಬೇಸಿಗೆಯಲ್ಲೇ ಅಮರಗೋಳದ ಒಬ್ಬ ಗಾಡಿಯವನಿಗೆ ಕೊಟ್ಟಿದ್ದರು. ಗಂಡನಿಗೆ ಇದು ಎರಡನೇ ಸಂಬಂಧ. ಅಕ್ಷತೆಗೆ ನನಗೂ ಕರೆ ಬಂದಿತ್ತು, ಹೋಗಲಿಲ್ಲ. ಮದುವೆಯಾದ ಮೇಲೆ ಯಮನಪ್ಪ ಮಗಳ ಹೆಸರು ಎತ್ತಲಿಲ್ಲ. ನಮ್ಮ ಕಡೆ ಎಂಥ ಬಡವರೂ ಪಂಚಮಿಗೆ ಮಗಳನ್ನು ತವರಿಗೆ ಕರೆಯುತ್ತಾರೆ, ಹರಕು ಹಗ್ಗದ ಜೋಕಾಲಿಯನ್ನಾದರೂ ಕಟ್ಟುತ್ತಾರೆ. ಅವನು ಒಂದು ವರ್ಷವೂ ಕರೆಯಲಿಲ್ಲ. ಸಾವಕ್ಕ ಕದ್ದು ನಾಲ್ಕು ಉಂಡಿ ಕಟ್ಟಿ ಬಳೆ ಮಾರಲು ಹೋಗುವ ಇಮಾಮಬಿಯ ಕೈಯಲ್ಲಿ ಕಳಿಸುತ್ತಿದ್ದಳು. ಅವಳೂ ಮಗಳನ್ನು ಕ್ಷಮಿಸಿರಲಿಲ್ಲ, ಬರೀ ಕರುಳಿಗೆ ಕಳಿಸುತ್ತಿದ್ದಳು.

ಏಳು ವರ್ಷ. ದಿನಾ ಬೆಳಿಗ್ಗೆ ನನ್ನ ಕುರ್ಚಿಯನ್ನು ಒರೆಸುತ್ತಿದ್ದವನು ಅವನೇ. ಯಾವ ದಿನ ಬೇಕಾದರೂ ಹೇಳಬಹುದಿತ್ತು. ಕಾಯಂ ಆದ ಮೇಲೆ ಅಂಜಿಕೆಯೂ ಇರಲಿಲ್ಲ. ಇವತ್ತು ಮಳೆ, ಇವತ್ತು ಪರೀಕ್ಷೆ, ಇವತ್ತು ಅವನಿಗೆ ಮೈಯಲ್ಲಿ ಹುಷಾರಿಲ್ಲ ಎಂದು ದಿನ ದೂಡಿದೆ. ಅವನು ರುಮಾಲು ಸುತ್ತುವುದನ್ನು ಬಿಟ್ಟಿದ್ದ. ಮುಖದ ಅರ್ಧಕ್ಕೆ ಒಂದು ಪಾವಡದ ಅರಿವೆ ಕಟ್ಟಿಕೊಂಡು ತಿರುಗುತ್ತಿದ್ದ. ಯಾರಾದರೂ ಕೇಳಿದರೆ ಧೂಳು ಎನ್ನುತ್ತಿದ್ದ.

ನಲವತ್ಮೂರರ ಮಾಘದಲ್ಲಿ ಚಳಿಜ್ವರ ಹಿಡಿದು ಐದೇ ದಿನಕ್ಕೆ ಹೋದ. ಸಾಲೆಗೆ ಅರ್ಧ ದಿನ ಸೂಟಿ ಕೊಟ್ಟರು. ನಾನು ಹೋಗುವಷ್ಟರಲ್ಲಿ ಹೆಣವನ್ನು ಮೀಯಿಸಿ, ಮನೆಯ ಮುಂದೆ ಗೋಡೆಗೆ ಆನಿಸಿ ಕೂರಿಸಿದ್ದರು. ಪಾವಡ ಬಿಚ್ಚಿದ್ದರು. ಓಣಿಯ ಹೆಂಗಸರು ಸುತ್ತ ಕೂತು ಅವನ ಗುಣ ಹಾಡಿ ಅಳುತ್ತಿದ್ದರು. ಸತ್ಯವ್ವ ಅಮರಗೋಳದಿಂದ ಬಂದು, ಕಂಕುಳಲ್ಲಿ ಕೂಸು ಎತ್ತಿಕೊಂಡು, ಎಲ್ಲರಿಂದ ದೂರ ಇಮಾಮಬಿಯ ಕಟ್ಟೆಯ ಹತ್ತಿರ ನಿಂತಿದ್ದಳು. ಹದಿನೆಂಟು ವರ್ಷದವಳು ಮೂವತ್ತರವಳಂತೆ ಕಾಣುತ್ತಿದ್ದಳು. ಅಪ್ಪ ಕರೆಯದ ಮನೆಯ ಅಂಗಳಕ್ಕೆ ಕಾಲಿಡಲು ಅವಳಿಗೆ ಮನಸ್ಸಾಗಿರಲಿಲ್ಲ.

ನಾನು ಅವಳ ಹತ್ತಿರ ಹೋದೆ. ಯಾರಿಗೂ ಕೇಳಿಸದಂತೆ ಅಂದೆ:

"ಸತ್ಯವ್ವಾ, ಅವತ್ತ ನಾ ಸುಳ್ಳ ಹೇಳಿದೆ. ನೀ ಬಂದಿದ್ದಿ. ನನ್ನಿಂದ ತಪ್ಪಾತು."

ಅವಳು ಕೂಸನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು.

"ನನಗ್ಯಾಕ ಹೇಳ್ತೀರ್ರಿ? ನನಗ ಗೊತ್ತಿದ್ದದ್ದ. ಅಲ್ಲೆ ಕುಂತಾನಲ್ರಿ, ಅವಂಗ ಹೇಳ್ರಿ."

"ಈಗ ಹೇಳಿ ಏನು..."

"ಹೇಳ್ರಿ."

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವಳು ನನ್ನ ಹಿಂದೆಯೇ ನಡೆದು ಬಂದಳು. ನಾನು ಹೆಣದ ಮುಂದೆ ಬಗ್ಗಿ, ಕಿವಿಯ ಹತ್ತಿರ ಬಾಯಿ ಒಯ್ದು, ಮೆಲ್ಲಗೆ ಏನೋ ಗೊಣಗಿದೆ.

"ಜೋರಾಗಿ ಹೇಳ್ರಿ," ಎಂದಳು ಹಿಂದಿನಿಂದ. "ಕಡೀ ಎರಡ ವರ್ಷ ಅವಂಗ ಕಿವಿ ಕೇಳ್ತಿದ್ದಿಲ್ಲಂತ. ನಾ ನೋಡಿಲ್ಲ, ಇಮಾಮಬಿ ಹೇಳಿದ್ಲು."

ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಸುಮ್ಮನಾದರು. ನಾನು ಜೋರಾಗಿ ಹೇಳಿದೆ. "ಯಮನಪ್ಪಾ, ನಿನ್ನ ಮಗಳು ಬಂದಿದ್ಲು. ಅಪ್ಪನ್ನ ಕರೀಬ್ಯಾಡ್ರಿ ಅಂತ ಬೇಡ್ಕೊಂಡಿದ್ಲು. ನಾ ಕೇಳಲಿಲ್ಲ. ನಿನ್ನ ಮುಂದ ಸುಳ್ಳ ಹೇಳಿದೆ." ವರ್ಗದಲ್ಲಿ ಪಾಠ ಹೇಳುವ ದನಿ, ಓಣಿಯ ಎರಡೂ ತುದಿಗೆ ಕೇಳಿಸಿತು.

ಸಾವಕ್ಕ ತಲೆ ಎತ್ತಿದಳು. ನನ್ನ ಕಡೆ ನೋಡಲಿಲ್ಲ. ಮಗಳ ಮುಖವನ್ನೇ ನೋಡುತ್ತ, "ನೀ ಯಾಕ ಹೇಳಲಿಲ್ಲ?" ಎಂದಳು.

"ಹೇಳಿದ್ನೆಲಾ, ಅವ್ವಾ," ಎಂದಳು ಸತ್ಯವ್ವ. "ನೀವು ಮಾಸ್ತರನ್ನ ಕೇಳಿದ್ರಿ."

ಸಾವಕ್ಕ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸತ್ಯವ್ವ ಹೋಗಿ ಬಾಗಿಲು ಬಡಿಯಲಿಲ್ಲ. ಸೆರಗಿನಿಂದ ಅಪ್ಪನ ಮುಖದ ಮೇಲೆ ಕೂತಿದ್ದ ನೊಣ ಹೊಡೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆತಲ್ರಿ, ಮಾಸ್ತರ. ಇನ್ನ ಹೋಗ್ರಿ. ಅಪ್ಪನ್ನ ಎತ್ತೂ ಹೊತ್ತಾತು."